ಮನೆಗೆ ಬಂದರೂ ದೀಪ ಹತ್ತಲಿಲ್ಲ: ಫೋನ್ ಲೊಕೇಶನ್ ಟ್ರಿಗರ್‌ನ ದೋಷ ಹುಡುಕುವ ಬಗೆ

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಹೊರಡುವವರು ಅಪ್ಪ. ಅವರು ಹೊರಟ ಮೇಲೆ ದೀಪ, ಫ್ಯಾನು ಎಲ್ಲ ತಾವಾಗಿ ಆರಬೇಕು. ಅದಕ್ಕೆಂದು ಒಂದು ಆಟೋಮೇಷನ್ ಬರೆದಿದ್ದೆ, ಅಂದರೆ ಅಪ್ಪನ ಫೋನಿನ ಲೊಕೇಶನ್ ನೋಡಿ ತಾನಾಗಿ ಓಡುವ ಒಂದು ನಿಯಮ. ಭಾನುವಾರ ಅದು ಚೆನ್ನಾಗಿ ನಡೆಯುತ್ತಿತ್ತು. ಸೋಮವಾರದಿಂದ ಶನಿವಾರದವರೆಗೆ ನಡೆಯುತ್ತಲೇ ಇರಲಿಲ್ಲ. ಅದೇ ಫೋನು, ಅದೇ ಮನುಷ್ಯ, ಅದೇ ಮನೆ.

ಎರಡು ವಾರ ನಾನು ಫೋನಿನ ಹಿಂದೆಯೇ ಬಿದ್ದೆ. ಬ್ಯಾಟರಿ ಸೆಟ್ಟಿಂಗ್ಸ್ ಬದಲಿಸಿದೆ. ಝೋನ್, ಅಂದರೆ ಮ್ಯಾಪ್ ಮೇಲೆ ಮನೆಯ ಸುತ್ತ ಎಳೆದ ವೃತ್ತ, ದೊಡ್ಡದು ಮಾಡಿದೆ. ಆ್ಯಪ್ ತೆಗೆದು ಮತ್ತೆ ಹಾಕಿದೆ. ದೋಷ ಫೋನಿನಲ್ಲಿ ಇರಲೇ ಇಲ್ಲ. ಅದು ಎಲ್ಲಿತ್ತು ಎಂಬುದನ್ನು ಮುಂದೆ ಹೇಳುತ್ತೇನೆ. ಅಷ್ಟರಲ್ಲಿ ಒಂದು ಮಾತು: ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ಸುದ್ದಿ ಎಲ್ಲಿ ನಿಂತುಹೋಯಿತು ಎಂದು ಕಂಡುಕೊಳ್ಳಿ. ಲೊಕೇಶನ್ ಟ್ರಿಗರ್ (ಫೋನು ಬಂದದ್ದು ಹೋದದ್ದು ನೋಡಿ ಆಟೋಮೇಷನ್ ಶುರು ಮಾಡುವ ಭಾಗ) ಕೆಟ್ಟಾಗ ನಾವು ಮಾಡುವ ದೊಡ್ಡ ತಪ್ಪು ಊಹೆಯಿಂದ ರಿಪೇರಿ ಮಾಡುವುದು.

ನಾನು ಬಳಸುವುದು ಹೋಮ್ ಅಸಿಸ್ಟೆಂಟ್, ಮನೆಯ ಸಾಧನಗಳನ್ನು ನಡೆಸುವ ಒಂದು ಸಾಫ್ಟ್‌ವೇರ್. ಅದು ಓಡುವ ಮನೆಯ ಕಂಪ್ಯೂಟರನ್ನು ಮುಂದೆ ಸರ್ವರ್ ಎನ್ನುತ್ತೇನೆ, ಫೋನಿನಲ್ಲಿರುವ ಅದರ ಆ್ಯಪನ್ನು ಬರೀ ಆ್ಯಪ್ ಎನ್ನುತ್ತೇನೆ. ಇಲ್ಲಿ ಬರುವ ಹೆಸರುಗಳು ಹೆಚ್ಚಾಗಿ ಅದರವು. ಬೇರೆ ವ್ಯವಸ್ಥೆ ಬಳಸುವವರಿಗೂ ಹುಡುಕುವ ಕ್ರಮ ಇದೇ.

ಸುದ್ದಿ ನಡೆಯುವ ದಾರಿ

ನೀವು ಬಾಗಿಲಿಗೆ ಬಂದಾಗ ದೀಪ ಹತ್ತಬೇಕಾದರೆ ನಾಲ್ಕು ಕೆಲಸ ಒಂದರ ಹಿಂದೆ ಒಂದು ಆಗಬೇಕು. ಮೊದಲು ಫೋನಿಗೆ ತಾನು ಮನೆಯ ಹತ್ತಿರ ಬಂದೆ ಎಂದು ಗೊತ್ತಾಗಬೇಕು. ಆ ಸುದ್ದಿ ಸರ್ವರ್‌ಗೆ ತಲುಪಬೇಕು. ಸರ್ವರ್ ಅದನ್ನು ‘ಮನೆಗೆ ಬಂದರು’ ಎಂದು ಓದಿಕೊಂಡು ಆಟೋಮೇಷನ್ ಓಡಿಸಬೇಕು. ಕೊನೆಗೆ ದೀಪ ಆ ಆದೇಶ ಕೇಳಬೇಕು. ಈ ನಾಲ್ಕರಲ್ಲಿ ಯಾವುದು ತಪ್ಪಿದರೂ ಹೊರಗೆ ಕಾಣುವುದು ಒಂದೇ: ದೀಪ ಹತ್ತಲಿಲ್ಲ. ಆದ್ದರಿಂದಲೇ ಹೊರಗಿನಿಂದ ನೋಡಿ ಹೇಳಲು ಆಗುವುದಿಲ್ಲ.

ಹಾಗಾದರೆ ಹೇಗೆ? ಒಂದು ಚೀಟಿ ತೆಗೆದುಕೊಳ್ಳಿ. ಮನೆಯಿಂದ ಕನಿಷ್ಠ ಅರ್ಧ ಕಿಲೋಮೀಟರ್ ದೂರ ನಡೆದು ಹೋಗಿ. ಅಲ್ಲಿ ಹತ್ತು ಹದಿನೈದು ನಿಮಿಷ ಇದ್ದು ವಾಪಸ್ ಬನ್ನಿ. ಹೋಗುವಾಗ ಬಾಗಿಲು ದಾಟಿದ ಹೊತ್ತು, ಬರುವಾಗ ಬಾಗಿಲಿಗೆ ಬಂದ ಹೊತ್ತು, ಎರಡನ್ನೂ ಬರೆದುಕೊಳ್ಳಿ. ಫೋನು ಜೇಬಿನಲ್ಲೇ ಇರಲಿ, ಸ್ಕ್ರೀನ್ ಆಫ್ ಆಗಿರಲಿ.

ಈ ಕೊನೆಯ ಮಾತನ್ನು ದಯವಿಟ್ಟು ಮರೆಯಬೇಡಿ. ಆ್ಯಪ್ ತೆರೆದ ಕೂಡಲೇ ಅದು ಹೊಸ ಲೊಕೇಶನ್ ಕಳಿಸುತ್ತದೆ. ಮ್ಯಾಪ್ ಹಾಕಿಕೊಂಡು ನಡೆದರೆ ಜಿಪಿಎಸ್ ಸದಾ ಎಚ್ಚರವಾಗಿರುತ್ತದೆ. ಆಗ ಎಲ್ಲವೂ ಸರಿ ಇದ್ದಂತೆ ಕಾಣುತ್ತದೆ. ನೀವು ನೋಡುತ್ತಿರುವಾಗ ಸರಿ ಇದ್ದು, ನೋಡದಿದ್ದಾಗ ತಪ್ಪುವುದು ಈ ದೋಷದ ಗುಣ. ಪರೀಕ್ಷೆಯೂ ನೋಡದೆ ಇರುವ ಸ್ಥಿತಿಯಲ್ಲೇ ನಡೆಯಬೇಕು, ಅಲ್ವಾ?

ಮನೆಗೆ ಬಂದ ಮೇಲೆ ಉಳಿದ ಹೊತ್ತುಗಳನ್ನು ಬರೆಯಿರಿ. ಫೋನಿನ ಆ್ಯಪ್ ಒಳಗೆ ಲೊಕೇಶನ್ ಹಿಸ್ಟರಿ ಇರುತ್ತದೆ. ಆಂಡ್ರಾಯ್ಡ್‌ನಲ್ಲಿ ಅದು ಆನ್ ಇದೆಯಾ ಎಂದು ಮೊದಲೇ ನೋಡಿಕೊಳ್ಳಬೇಕು. ಫೋನು ಯಾವಾಗ ಲೊಕೇಶನ್ ಹಿಡಿಯಿತು, ಅದನ್ನು ಕಳಿಸಿತೋ ಬಿಟ್ಟಿತೋ ಅಲ್ಲಿ ಗೊತ್ತಾಗುತ್ತದೆ. ಸರ್ವರ್ ಕಡೆ ಹಿಸ್ಟರಿ ತೆರೆದು ಆ ಫೋನಿನ ಡಿವೈಸ್ ಟ್ರ್ಯಾಕರ್, ಅಂದರೆ ಆ ಒಂದು ಸಾಧನ ಎಲ್ಲಿದೆ ಎಂಬ ದಾಖಲೆ, ನೋಡಿ. ‘ಪರ್ಸನ್’ (ಆ ವ್ಯಕ್ತಿಯ ಒಟ್ಟು ಸ್ಥಿತಿ) ನೋಡಬೇಡಿ, ಡಿವೈಸ್ ಟ್ರ್ಯಾಕರನ್ನೇ ನೋಡಿ. ಏಕೆಂದು ಮುಂದೆ ಬರುತ್ತದೆ. ಆಮೇಲೆ ಆಟೋಮೇಷನ್‌ನ ಟ್ರೇಸ್, ಅಂದರೆ ಅದು ಓಡಿದಾಗ ಹೆಜ್ಜೆ ಹೆಜ್ಜೆಗೆ ಏನಾಯಿತು ಎಂಬ ದಾಖಲೆ, ನೋಡಿ. ಹೋಮ್ ಅಸಿಸ್ಟೆಂಟ್ ಸಾಮಾನ್ಯವಾಗಿ ಒಂದೊಂದು ಆಟೋಮೇಷನ್‌ಗೆ ಕೊನೆಯ 5 ಟ್ರೇಸ್ ಮಾತ್ರ ಇಟ್ಟುಕೊಳ್ಳುತ್ತದೆ. ತಡ ಮಾಡಿದರೆ ಸಾಕ್ಷಿ ಅಳಿಸಿಹೋಗುತ್ತದೆ.

ಈಗ ಚೀಟಿ ನೋಡಿ. ಬಾಗಿಲಿಗೆ ಬಂದದ್ದು 6:40. ಫೋನಿಗೆ ಗೊತ್ತಾದದ್ದು 6:41. ಸರ್ವರ್‌ಗೆ ತಲುಪಿದ್ದು 6:48. ಆಟೋಮೇಷನ್ ಓಡಿದ್ದು 6:48. ಇಷ್ಟು ಇದ್ದರೆ ಝೋನ್ ಅಳೆಯುವುದು, ಜಿಪಿಎಸ್ ಬಯ್ಯುವುದು ಎಲ್ಲ ವ್ಯರ್ಥ. ಏಳು ನಿಮಿಷ ಹೋದದ್ದು ಫೋನು ಮತ್ತು ಸರ್ವರ್ ನಡುವೆ. ನೆಟ್‌ವರ್ಕ್ ನೋಡಬೇಕು, ಅಷ್ಟೇ.

ಹಿಂದಿನಿಂದ ಮುಂದಕ್ಕೆ ಹುಡುಕಿ

ನಾನು ಕೊನೆಯ ಕೊಂಡಿಯಿಂದ ಶುರು ಮಾಡುತ್ತೇನೆ. ಅದನ್ನು ಪರೀಕ್ಷಿಸಲು ಒಂದು ನಿಮಿಷ ಸಾಕು. ಆಟೋಮೇಷನ್‌ನ ಆ್ಯಕ್ಷನ್ನನ್ನು, ಅಂದರೆ ಅದು ಕೊನೆಗೆ ಮಾಡುವ ಕೆಲಸವನ್ನು, ಕೈಯಿಂದ ಓಡಿಸಿ. ದೀಪ ಹತ್ತದಿದ್ದರೆ ಲೊಕೇಶನ್‌ಗೂ ಇದಕ್ಕೂ ಸಂಬಂಧವಿಲ್ಲ, ದೀಪವನ್ನೇ ನೋಡಿ. ಗೋಡೆಯ ಸ್ವಿಚ್ಚನ್ನು ಯಾರೋ ಆಫ್ ಮಾಡಿರುವುದು ಸಾಮಾನ್ಯ.

ದೀಪ ಹತ್ತಿದರೆ ಟ್ರೇಸ್‌ಗೆ ಬನ್ನಿ. ಟ್ರೇಸ್ ಇದ್ದು ಮಧ್ಯದಲ್ಲಿ ನಿಂತಿದ್ದರೆ ಯಾವುದೋ ಕಂಡಿಷನ್ ತಡೆದಿದೆ. ಸೂರ್ಯ ಮುಳುಗಿದ ಮೇಲೆ ಮಾತ್ರ ಎಂಬ ಕಂಡಿಷನ್ ಇದ್ದು, ನೀವು ಮುಳುಗುವ ಹತ್ತು ನಿಮಿಷ ಮೊದಲು ಬಂದಿರಬಹುದು. ಟ್ರೇಸ್‌ನಲ್ಲಿ ಅದು ನೇರವಾಗಿ ಕಾಣುತ್ತದೆ.

ಟ್ರೇಸ್ ಇಲ್ಲವೇ ಇಲ್ಲ, ಆದರೆ ಡಿವೈಸ್ ಟ್ರ್ಯಾಕರ್ ಸರಿಯಾಗಿ ಬದಲಾಗಿದೆ ಎಂದಾದರೆ ಟ್ರಿಗರ್ ಬರೆದ ರೀತಿಯಲ್ಲಿ ತಪ್ಪಿದೆ. ಅಪ್ಪನ ಕಥೆ ಇಲ್ಲಿಗೆ ಬರುತ್ತದೆ.

ನಮ್ಮ ಮನೆಯ ಹತ್ತಿರದ ಬಸ್ ಸ್ಟಾಪಿಗೆ ನಾನು ಇನ್ನೊಂದು ಝೋನ್ ಮಾಡಿಟ್ಟಿದ್ದೆ. ಅದು ಮನೆಯ ಝೋನಿಗೆ ಅಂಟಿಕೊಂಡೇ ಇತ್ತು. ನನ್ನ ಟ್ರಿಗರ್ ಹೀಗಿತ್ತು: ಅಪ್ಪನ ಸ್ಥಿತಿ ‘ಹೋಮ್’ನಿಂದ ‘ನಾಟ್ ಹೋಮ್’ಗೆ ಬದಲಾದಾಗ. ಭಾನುವಾರ ಅಪ್ಪ ಇನ್ನೊಂದು ದಾರಿಯಲ್ಲಿ ನಡೆದು ಹೋಗುತ್ತಿದ್ದರು. ಸ್ಥಿತಿ ‘ನಾಟ್ ಹೋಮ್’ ಆಗುತ್ತಿತ್ತು. ಉಳಿದ ದಿನ ನೇರ ಬಸ್ ಸ್ಟಾಪಿಗೆ. ಆಗ ಸ್ಥಿತಿ ‘ಹೋಮ್’ನಿಂದ ‘ಬಸ್ ಸ್ಟಾಪ್’ ಆಗುತ್ತಿತ್ತು. ಅಲ್ಲಿಂದ ‘ನಾಟ್ ಹೋಮ್’. ನಾನು ಕಾಯುತ್ತಿದ್ದ ಜೋಡಿ ಬರುತ್ತಲೇ ಇರಲಿಲ್ಲ. ಹಿಸ್ಟರಿಯಲ್ಲಿ ಆ ಹೆಸರು ಎರಡು ವಾರದಿಂದ ಕಣ್ಣೆದುರೇ ಇತ್ತು. ನಾನು ಒಮ್ಮೆ ತೆರೆದು ನೋಡಿದ್ದರೆ ಸಾಕಿತ್ತು.

‘ನಾಟ್ ಹೋಮ್’ ಎಂದರೆ ‘ಮನೆಯಲ್ಲಿ ಇಲ್ಲ’ ಎಂದಲ್ಲ. ‘ಗೊತ್ತಿರುವ ಯಾವ ಝೋನಿನಲ್ಲೂ ಇಲ್ಲ’ ಎಂದು. ಝೋನ್ ಒಂದಕ್ಕಿಂತ ಜಾಸ್ತಿ ಇರುವ ಮನೆಯಲ್ಲಿ ಇದು ಇಂದಲ್ಲ ನಾಳೆ ಕಾಡುತ್ತದೆ. ಪಕ್ಕದಲ್ಲಿ ಝೋನ್ ಇಲ್ಲದಿದ್ದರೂ ಕಾಡಬಹುದು. ದಾರಿಯಲ್ಲಿ ಡೇಟಾ ಸಿಗದೆ, ಫೋನು ನೇರವಾಗಿ ಆಫೀಸಿನಿಂದ ಸುದ್ದಿ ಕಳಿಸಿದರೆ ‘ಹೋಮ್’ನಿಂದ ‘ಆಫೀಸ್’ಗೆ ಒಂದೇ ಜಿಗಿತ. ಆದ್ದರಿಂದ ಸ್ಥಿತಿ ಬದಲಾವಣೆಯ ಬದಲು ‘ಝೋನ್ ಬಿಟ್ಟರು’ ಎಂಬ ಝೋನ್ ಟ್ರಿಗರ್ ಬಳಸಿ. ಎಲ್ಲರೂ ಹೊರಟ ಮೇಲೆ ಏನಾದರೂ ಆಗಬೇಕಿದ್ದರೆ ಇನ್ನೂ ಒಳ್ಳೆಯ ದಾರಿ ಇದೆ. ಹೋಮ್ ಝೋನಿನ ಸ್ಥಿತಿ ಎಂದರೆ ಅದರೊಳಗೆ ಎಷ್ಟು ಜನ ಇದ್ದಾರೆ ಎಂಬ ಸಂಖ್ಯೆ. ಅದು 0 ಆದಾಗ ಓಡಿಸಿ. ಯಾರು ಯಾವ ಕಡೆ ಹೋದರೂ ಲೆಕ್ಕ ಸರಿಯಾಗಿರುತ್ತದೆ.

ಟ್ರಿಗರ್‌ನ ಇನ್ನೊಂದು ತೊಂದರೆ ಇದರ ಉಲ್ಟಾ. ಯಾರೂ ಬಂದಿಲ್ಲ, ದೀಪ ಹತ್ತಿತು. ಹೊತ್ತು ನೋಡಿ. ಅದೇ ಹೊತ್ತಿಗೆ ಸರ್ವರ್ ರೀಸ್ಟಾರ್ಟ್ ಆಗಿದೆಯಾ? ರೀಸ್ಟಾರ್ಟ್ ಆಗುವಾಗ ಟ್ರ್ಯಾಕರ್ ಸ್ವಲ್ಪ ಹೊತ್ತು ‘ಅನ್‌ನೋನ್’ ಅಥವಾ ‘ಅನ್‌ಅವೈಲೆಬಲ್’ ಆಗಿರಬಹುದು. ಆಮೇಲೆ ‘ಹೋಮ್’ ಆಗುತ್ತದೆ. ‘ಹೋಮ್ ಆದಾಗ’ ಎಂದಷ್ಟೇ ಬರೆದ ಟ್ರಿಗರ್‌ಗೆ ಇದೂ ಮನೆಗೆ ಬಂದಂತೆಯೇ. ಆ ಎರಡು ಸ್ಥಿತಿಗಳಿಂದ ಬಂದರೆ ಓಡಬೇಡ ಎಂದು ಸೇರಿಸಿ. ‘5 ನಿಮಿಷ ಹೀಗೇ ಇದ್ದರೆ’ ಎಂಬ ಕಾಯುವಿಕೆ ಹಾಕಿದ್ದರೆ, ರೀಸ್ಟಾರ್ಟ್ ಆದಾಗ ಆ ಎಣಿಕೆ ಕಳೆದುಹೋಗುತ್ತದೆ ಎಂಬುದೂ ನೆನಪಿರಲಿ.

ಫೋನಿಗೆ ಗೊತ್ತು, ಸರ್ವರ್‌ಗೆ ಗೊತ್ತಿಲ್ಲ

ಬರುವುದು ಸರಿಯಾಗಿ ಗೊತ್ತಾಗುತ್ತದೆ, ಹೋಗುವುದು ಗೊತ್ತಾಗುವುದಿಲ್ಲ. ಹೀಗಿದ್ದರೆ ನಾನು ಮೊದಲು ನೆಟ್‌ವರ್ಕ್ ನೋಡುತ್ತೇನೆ.

ಕಾರಣ ಸರಳ. ಹೊರಟಾಗ ಫೋನು ಮನೆಯ ವೈಫೈ ಬಿಟ್ಟು ಮೊಬೈಲ್ ಡೇಟಾ ಮೇಲೆ ಇರುತ್ತದೆ. ಹೊರಗಿನಿಂದ ಸರ್ವರ್ ಮುಟ್ಟುವ ದಾರಿ ಇಲ್ಲದಿದ್ದರೆ ‘ಹೊರಟೆ’ ಎಂಬ ಸುದ್ದಿ ಹೊರಗೇ ಉಳಿಯುತ್ತದೆ. ಪರೀಕ್ಷೆಯೂ ಸರಳ. ಮನೆಯಲ್ಲೇ ಕೂತು ವೈಫೈ ಆಫ್ ಮಾಡಿ. ಮೊಬೈಲ್ ಡೇಟಾದಲ್ಲಿ ಆ್ಯಪ್ ತೆರೆಯಿರಿ. ತೆರೆಯದಿದ್ದರೆ ಆ್ಯಪ್‌ನಲ್ಲಿ ಬರೆದ ಸರ್ವರ್‌ನ ಹೊರಗಿನ ವಿಳಾಸ ತಪ್ಪಿದೆ, ಇಲ್ಲವೇ ಸರ್ವರ್‌ನ ಗುರುತು ಸಾಬೀತು ಮಾಡುವ ಸರ್ಟಿಫಿಕೇಟ್ ಅವಧಿ ಮುಗಿದಿದೆ, ಇಲ್ಲವೇ ವಿಪಿಎನ್ (ಹೊರಗಿನಿಂದ ಮನೆಯ ನೆಟ್‌ವರ್ಕ್ ಸೇರುವ ಸುರಕ್ಷಿತ ದಾರಿ) ಆನ್ ಆಗಿಲ್ಲ. ವಿಪಿಎನ್ ಮೂಲಕವೇ ಮನೆ ಮುಟ್ಟುವವರು ಅದನ್ನು ಸದಾ ಆನ್ ಇಡಬೇಕು. ಬೇಕಾದಾಗ ಮಾತ್ರ ಆನ್ ಮಾಡುತ್ತೇನೆ ಎಂದರೆ ಲೊಕೇಶನ್ ಸುದ್ದಿಗೆ ಅದು ಬೇಕಾದ ಹೊತ್ತು ನಿಮ್ಮ ಕೈ ಜೇಬಿನಲ್ಲಿರುತ್ತದೆ.

ಹೊರಗಿನಿಂದ ಆ್ಯಪ್ ತೆರೆಯುತ್ತದೆ, ಆದರೂ ಸುದ್ದಿ ತಡ. ಆಗ ಗೇಟಿನ ಹತ್ತಿರದ ಜಾಗವನ್ನು ಅನುಮಾನಿಸಿ. ಅಲ್ಲಿ ಫೋನು ಇನ್ನೂ ಮನೆಯ ವೈಫೈ ಹಿಡಿದುಕೊಂಡಿರುತ್ತದೆ, ಆದರೆ ಸಿಗ್ನಲ್ ಸತ್ತೇ ಹೋಗಿರುತ್ತದೆ. ಆ್ಯಪ್ ಮನೆಯೊಳಗಿನ ವಿಳಾಸಕ್ಕೆ ಕಳಿಸಲು ನೋಡುತ್ತದೆ, ಆಗುವುದಿಲ್ಲ. ಮುಂದಿನ ಸುದ್ದಿ ಯಾವಾಗಲೋ. ಇದು ಪದೇ ಪದೇ ಆಗುತ್ತಿದ್ದರೆ ಒಳಗಿನ ವಿಳಾಸ ತೆಗೆದು, ಎಲ್ಲ ಹೊತ್ತೂ ಹೊರಗಿನ ವಿಳಾಸವನ್ನೇ ಬಳಸುವಂತೆ ಮಾಡಿ ಒಂದು ವಾರ ನೋಡಿ. ವ್ಯತ್ಯಾಸ ಕಂಡರೆ ಕಾರಣ ಸಿಕ್ಕಿತು.

ಒಳಗಿನ ವಿಳಾಸ ಇಟ್ಟುಕೊಳ್ಳುವವರು ಆ್ಯಪ್‌ನಲ್ಲಿ ಮನೆಯ ವೈಫೈ ಹೆಸರು ಸರಿಯಾಗಿ ಬರೆದಿದ್ದಾರಾ ನೋಡಬೇಕು. 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಎರಡಕ್ಕೂ ಬೇರೆ ಬೇರೆ ಹೆಸರು ಇಟ್ಟಿದ್ದರೆ ಎರಡನ್ನೂ ಬರೆಯಬೇಕು. ವೈಫೈ ಹೆಸರು ಓದಲು ಆ್ಯಪ್‌ಗೆ ಲೊಕೇಶನ್ ಪರ್ಮಿಷನ್ ಬೇಕು, ಆಂಡ್ರಾಯ್ಡ್‌ನಲ್ಲೂ ಐಫೋನಿನಲ್ಲೂ. ಆಂಡ್ರಾಯ್ಡ್‌ನಲ್ಲಿ ಡೇಟಾ ಸೇವರ್ ಆನ್ ಇದ್ದರೆ ಈ ಆ್ಯಪ್‌ಗೆ ಹಿನ್ನೆಲೆಯಲ್ಲಿ ಡೇಟಾ ಬಳಸಲು ಬಿಡಿ.

ಫೋನಿಗೇ ಗೊತ್ತಾಗಲಿಲ್ಲ

ಲೊಕೇಶನ್ ಹಿಸ್ಟರಿಯಲ್ಲಿ ಆ ಹೊತ್ತಿಗೆ ಏನೂ ಇಲ್ಲದಿದ್ದರೆ ಈಗ ಫೋನನ್ನು ನೋಡುವ ಹೊತ್ತು.

ಮೊದಲು ಪರ್ಮಿಷನ್. ಆಂಡ್ರಾಯ್ಡ್ 10ರಿಂದ, ಅಂದರೆ 2019ರಿಂದ, ಹಿನ್ನೆಲೆಯಲ್ಲಿ ಲೊಕೇಶನ್ ನೋಡಲು ಬೇರೆಯದೇ ಒಪ್ಪಿಗೆ ಬೇಕು. ‘ಆ್ಯಪ್ ಬಳಸುವಾಗ ಮಾತ್ರ’ ಎಂದಿದ್ದರೆ ಸಾಲದು, ‘ಎಲ್ಲ ಸಮಯದಲ್ಲೂ’ ಎಂದಿರಬೇಕು. ಆಂಡ್ರಾಯ್ಡ್ 11ರಿಂದ ಆ ಆಯ್ಕೆಗೆ ಸೆಟ್ಟಿಂಗ್ಸ್ ಒಳಗೇ ಹೋಗಬೇಕು. ಆಂಡ್ರಾಯ್ಡ್ 12ರಿಂದ ನಿಖರ ಲೊಕೇಶನ್, ಅಂದಾಜು ಲೊಕೇಶನ್ ಎಂದು ಎರಡಾಗಿವೆ. ನಮಗೆ ನಿಖರವೇ ಬೇಕು. ಐಫೋನಿನಲ್ಲೂ ‘ಯಾವಾಗಲೂ’ ಎಂಬ ಒಪ್ಪಿಗೆ ಬೇಕು. ಐಒಎಸ್ 14ರಿಂದ ಬಂದ ‘ಪ್ರಿಸೈಸ್ ಲೊಕೇಶನ್’ ಆನ್ ಇರಬೇಕು. ಅದು ಆಫ್ ಆದರೆ ಝೋನ್ ದಾಟಿದ್ದು ಫೋನಿಗೆ ತಿಳಿಯುವುದೇ ಇಲ್ಲ.

‘ಇದೆಲ್ಲ ಮೊದಲ ದಿನವೇ ಸರಿ ಮಾಡಿದ್ದೆ’ ಎನ್ನಬಹುದು. ಮತ್ತೆ ನೋಡಿ. ಒಪ್ಪಿಗೆ ತಾನಾಗಿ ಹೋಗಿರುವ ಸಾಧ್ಯತೆ ಇದೆ. ಆಂಡ್ರಾಯ್ಡ್ 11 ಮತ್ತು ಅದರ ನಂತರದ ಫೋನುಗಳು ಕೆಲವು ತಿಂಗಳು ಬಳಸದ ಆ್ಯಪ್‌ನ ಪರ್ಮಿಷನ್‌ಗಳನ್ನು ವಾಪಸ್ ತೆಗೆದುಕೊಳ್ಳುತ್ತವೆ. ನಾವು ದಿನಾ ಆ್ಯಪ್ ತೆರೆಯುತ್ತೇವೆ. ಅಮ್ಮ ತೆರೆಯುವುದಿಲ್ಲ. ಅವರ ಫೋನಿನಲ್ಲಿ ಅದು ಲೊಕೇಶನ್ ಕಳಿಸಲು ಮಾತ್ರ ಇದೆ. ಫೋನಿನ ಕಣ್ಣಿಗೆ ಅದು ಯಾರಿಗೂ ಬೇಡದ ಆ್ಯಪ್. ಎಲ್ಲರ ಫೋನೂ ಚೆನ್ನಾಗಿದ್ದು ಒಬ್ಬರದು ಮಾತ್ರ ಕೆಲವು ತಿಂಗಳ ನಂತರ ಮೌನವಾದರೆ ಇದನ್ನೇ ಮೊದಲು ನೋಡಿ. ಆ್ಯಪ್ ಮಾಹಿತಿಯ ಪುಟದಲ್ಲಿ, ಬಳಸದಿದ್ದರೆ ಆ್ಯಪನ್ನು ತಡೆಯುವ ಆಯ್ಕೆ ಇರುತ್ತದೆ. ಅದನ್ನು ಆಫ್ ಮಾಡಿ.

ಐಫೋನು ಇದನ್ನು ಬೇರೆ ರೀತಿ ಮಾಡುತ್ತದೆ. ಆಗಾಗ ಒಂದು ಪ್ರಶ್ನೆ ಕೇಳುತ್ತದೆ: ಈ ಆ್ಯಪ್ ಹಿನ್ನೆಲೆಯಲ್ಲಿ ನಿಮ್ಮ ಲೊಕೇಶನ್ ಬಳಸಿದೆ, ಮುಂದುವರಿಸಬೇಕಾ? ಮ್ಯಾಪ್ ಮೇಲೆ ಚುಕ್ಕೆಗಳೂ ಕಾಣುತ್ತವೆ. ನೋಡಿದವರಿಗೆ ಗಾಬರಿಯಾಗುವುದು ಸಹಜ. ‘ಬಳಸುವಾಗ ಮಾತ್ರ’ ಒತ್ತಿಬಿಡುತ್ತಾರೆ. ಮನೆಯವರಿಗೆ ಈ ಪ್ರಶ್ನೆ ಬರುತ್ತದೆ ಎಂದು ಮೊದಲೇ ಹೇಳಿಡಿ. ಯಾವ ಲೊಕೇಶನ್ ಎಲ್ಲಿಗೆ ಹೋಗುತ್ತದೆ, ಯಾರು ನೋಡಬಹುದು ಎಂಬುದನ್ನೂ ಕೂರಿಸಿ ವಿವರಿಸಿ. ಅವರು ಬೇಡ ಎಂದರೆ ಅದು ರಿಪೇರಿ ಮಾಡಬೇಕಾದ ದೋಷ ಅಲ್ಲ. ಅವರಿಗಾಗಿ ಬಾಗಿಲ ಬಳಿ ಒಂದು ಬಟನ್ ಇಟ್ಟರೆ ಸಾಕು.

ಆಮೇಲೆ ಬ್ಯಾಟರಿ. ಆಂಡ್ರಾಯ್ಡ್ 6ರಿಂದ, 2015ರಿಂದ, ಅಲುಗಾಡದೆ ಬಿದ್ದ ಫೋನು ಡೋಝ್ ಎಂಬ ನಿದ್ದೆಗೆ ಜಾರುತ್ತದೆ. ಆಂಡ್ರಾಯ್ಡ್ 8ರಿಂದ ಹಿನ್ನೆಲೆಯ ಆ್ಯಪ್‌ಗೆ ಗಂಟೆಗೆ ಕೆಲವೇ ಬಾರಿ ಹೊಸ ಲೊಕೇಶನ್ ಸಿಗುತ್ತದೆ. ಇದರ ಮೇಲೆ ಕೆಲವು ಕಂಪನಿಗಳು ತಮ್ಮದೇ ಬ್ಯಾಟರಿ ಉಳಿಸುವ ವ್ಯವಸ್ಥೆ ಸೇರಿಸುತ್ತವೆ. ಅವು ಆ್ಯಪನ್ನು ಪೂರ್ತಿ ಕೊಂದುಬಿಡುತ್ತವೆ. ನಮ್ಮ ಮನೆಯ ಒಂದು ಫೋನಿನಲ್ಲಿ ಮೂರು ಬೇರೆ ಬೇರೆ ಪುಟಗಳಲ್ಲಿ ಒಪ್ಪಿಗೆ ಕೊಡಬೇಕಾಯಿತು: ಬ್ಯಾಟರಿ ನಿರ್ಬಂಧ ಬೇಡ, ತಾನಾಗಿ ಶುರುವಾಗಲು ಬಿಡು, ರೀಸೆಂಟ್ ಪಟ್ಟಿಯಲ್ಲಿ ಆ್ಯಪ್‌ಗೆ ಬೀಗ ಹಾಕು. ಮೂರರಲ್ಲಿ ಒಂದು ಬಿಟ್ಟರೂ ಮಾರನೇ ದಿನ ಮೌನ. ಐಫೋನಿನಲ್ಲಿ ನೋಡಬೇಕಾದದ್ದು ಬ್ಯಾಕ್‌ಗ್ರೌಂಡ್ ಆ್ಯಪ್ ರಿಫ್ರೆಶ್.

ಮೂರನೆಯದು ವೈಫೈ ಸ್ವಿಚ್. ಮನೆಯಿಂದ ಹೊರಡುವಾಗ ವೈಫೈ ಆಫ್ ಮಾಡುವ ಅಭ್ಯಾಸ ತುಂಬಾ ಜನಕ್ಕಿದೆ. ಫೋನು ಸುತ್ತಲಿನ ವೈಫೈಗಳನ್ನು ನೋಡಿಯೇ ಕಡಿಮೆ ಬ್ಯಾಟರಿಯಲ್ಲಿ ಜಾಗ ಗುರುತಿಸುತ್ತದೆ. ಅದನ್ನು ಆಫ್ ಮಾಡಿದರೆ ಮೊಬೈಲ್ ಟವರ್ ನೋಡಿ ಅಂದಾಜು ಮಾಡಬೇಕಾಗುತ್ತದೆ. ವೈಫೈ ಆನ್ ಇರಲಿ. ಆಫ್ ಮಾಡಲೇಬೇಕು ಎನ್ನುವವರು ಆಂಡ್ರಾಯ್ಡ್‌ನ ಲೊಕೇಶನ್ ಸೆಟ್ಟಿಂಗ್ಸ್‌ನಲ್ಲಿ ವೈಫೈ ಸ್ಕ್ಯಾನಿಂಗ್ ಆದರೂ ಆನ್ ಇಡಲಿ.

ಇಷ್ಟೆಲ್ಲ ಸರಿ ಇದ್ದರೂ ಸ್ವಲ್ಪ ತಡ ಆಗಿಯೇ ಆಗುತ್ತದೆ. ಅದನ್ನು ದೋಷ ಎಂದುಕೊಂಡು ಹುಡುಕುತ್ತಾ ಕೂರಬೇಡಿ. ಆ್ಯಪ್ ಬರೆಯುವವರಿಗೆ ಗೂಗಲ್ ಹೇಳುವ ಪ್ರಕಾರ, ಆಂಡ್ರಾಯ್ಡ್‌ನಲ್ಲಿ ಝೋನ್ ದಾಟಿದ ಸುದ್ದಿ ಸಾಮಾನ್ಯವಾಗಿ 2 ನಿಮಿಷದೊಳಗೆ ಬರುತ್ತದೆ. ಹಿನ್ನೆಲೆಯ ಮಿತಿ ಇದ್ದಾಗ ಸರಾಸರಿ 2–3 ನಿಮಿಷ. ಫೋನು ತುಂಬಾ ಹೊತ್ತು ಒಂದೇ ಕಡೆ ಇದ್ದರೆ 6 ನಿಮಿಷದವರೆಗೂ ಆಗಬಹುದು. ಐಫೋನು ಗೆರೆ ದಾಟಿದ ಕೂಡಲೇ ಹೇಳುವುದಿಲ್ಲ. ಗೆರೆಯಿಂದ ಸ್ವಲ್ಪ ದೂರ ಹೋಗಿ, ಕನಿಷ್ಠ 20 ಸೆಕೆಂಡ್ ಅಲ್ಲೇ ಇದ್ದರೆ ಮಾತ್ರ ಹೇಳುತ್ತದೆ. ಗೆರೆಯ ಮೇಲೆ ಅತ್ತಿತ್ತ ಓಡಾಡಿದಾಗ ಸುಳ್ಳು ಸುದ್ದಿ ಬರದಿರಲಿ ಎಂದು ಹಾಗೆ ಮಾಡಿದ್ದಾರೆ. ಸೈಕಲ್ ಮೇಲೆ ವೇಗವಾಗಿ ಬರುವವರು ಫೋನು ಹೇಳುವ ಮೊದಲೇ ಬಾಗಿಲಲ್ಲಿರುತ್ತಾರೆ. ಆಂಡ್ರಾಯ್ಡ್‌ನ ಆ್ಯಪ್‌ನಲ್ಲಿ ಹೈ ಅಕ್ಯುರಸಿ ಮೋಡ್ ಇದೆ, ತಡ ಕಡಿಮೆಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಅದನ್ನು ಸದಾ ಆನ್ ಇಡುವುದು ನನಗೆ ಸರಿ ಕಾಣುವುದಿಲ್ಲ.

ಮನೆಯಲ್ಲೇ ಇದ್ದರೂ ‘ಹೊರಟರು’ ಎನ್ನುತ್ತದೆ

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಕೆಟ್ಟ ದೋಷ ಇದು. ರಾತ್ರಿ ಎರಡು ಗಂಟೆಗೆ ಎಲ್ಲರೂ ಮಲಗಿದ್ದಾರೆ. ಒಬ್ಬರ ಫೋನು ಏಕಾಏಕಿ 800 ಮೀಟರ್ ದೂರ ಹೋಗಿ, ನಾಲ್ಕು ನಿಮಿಷಕ್ಕೆ ವಾಪಸ್ ಬರುತ್ತದೆ. ಬಾಗಿಲ ದೀಪ ಹತ್ತುತ್ತದೆ, ಎಲ್ಲರಿಗೂ ಎಚ್ಚರ.

ಆ ಹೊತ್ತಿನ ಟ್ರ್ಯಾಕರ್ ವಿವರದಲ್ಲಿ ‘ಜಿಪಿಎಸ್ ಅಕ್ಯುರಸಿ’ ಎಂಬ ಅಂಕಿ ನೋಡಿ. ತೋರಿಸಿದ ಜಾಗ ಎಷ್ಟು ಮೀಟರ್ ತಪ್ಪಿರಬಹುದು ಎಂಬ ಅಂದಾಜು ಅದು. ಬಯಲಲ್ಲಿ, ಆಕಾಶ ಕಾಣುವಾಗ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಒಳಗೆ ಹೇಳುತ್ತದೆ. ಮನೆಯೊಳಗೆ ಜಿಪಿಎಸ್ ಸಿಗ್ನಲ್ ಬರುವುದೇ ಕಷ್ಟ. ಅಲ್ಲಿ ವೈಫೈ ನೋಡಿ 20–50 ಮೀಟರ್ ಲೆಕ್ಕದಲ್ಲಿ ಹೇಳುತ್ತದೆ. ವೈಫೈಯೂ ನಿದ್ದೆ ಹೋದರೆ ಟವರ್ ಒಂದೇ ಗತಿ. ಆಗ ಅಂಕಿ ನೂರಾರು, ಸಾವಿರ ಮೀಟರ್ ಆಗುತ್ತದೆ. ಆಂಡ್ರಾಯ್ಡ್‌ನ ಆ್ಯಪ್ 200 ಮೀಟರಿಗಿಂತ ಕಳಪೆ ಲೊಕೇಶನ್‌ಗಳನ್ನು ತಾನಾಗಿ ಬಿಟ್ಟುಬಿಡುತ್ತದೆ. ಆ ಮಿತಿಯನ್ನು ಸೆಟ್ಟಿಂಗ್ಸ್‌ನಲ್ಲಿ ಬದಲಿಸಬಹುದು. ಯಾರಾದರೂ ಜಾಸ್ತಿ ಮಾಡಿದ್ದರೆ ಕಡಿಮೆ ಮಾಡಿ. ತೀರಾ ಕಡಿಮೆ ಮಾಡಿದರೆ ಒಳ್ಳೆಯ ಸುದ್ದಿಯೂ ಬಿದ್ದುಹೋಗುತ್ತದೆ.

ಇದೇ ಅಂಕಿಯಿಂದ ಇನ್ನೊಂದು ವಿಚಿತ್ರ ಆಗುತ್ತದೆ. ನೀವು ಇನ್ನೂ ದೂರದಲ್ಲಿದ್ದೀರಿ, ಮನೆಯಲ್ಲಿ ದೀಪ ಹತ್ತಿಬಿಟ್ಟಿದೆ. ಹೋಮ್ ಅಸಿಸ್ಟೆಂಟ್ ಝೋನ್ ಲೆಕ್ಕ ಹಾಕುವಾಗ ದೂರದಿಂದ ಈ ಅಂಕಿಯನ್ನು ಕಳೆಯುತ್ತದೆ. ಉಳಿದದ್ದು ಝೋನಿನ ತ್ರಿಜ್ಯಕ್ಕಿಂತ ಕಡಿಮೆ ಇದ್ದರೆ ‘ಒಳಗೆ’ ಎನ್ನುತ್ತದೆ. ಝೋನ್ 100 ಮೀಟರ್ ಇರಲಿ. ನೀವು 240 ಮೀಟರ್ ದೂರದಲ್ಲಿ, ಅಕ್ಯುರಸಿ 180 ಮೀಟರ್. 240ರಲ್ಲಿ 180 ಕಳೆದರೆ 60. ಅದು 100ಕ್ಕಿಂತ ಕಡಿಮೆ, ನೀವು ಮನೆಯಲ್ಲಿದ್ದೀರಿ! ಲೆಕ್ಕ ಗೊತ್ತಿದ್ದರೆ ಇದು ದೆವ್ವದ ಕಾಟದಂತೆ ಕಾಣುವುದಿಲ್ಲ.

ಝೋನಿನ ನಡುವಿನ ಬಿಂದು ಎಲ್ಲಿದೆ ಎಂದು ಒಮ್ಮೆಯಾದರೂ ಮ್ಯಾಪ್‌ನಲ್ಲಿ ನೋಡಿ. ಅದು ನಿಮ್ಮ ಮನೆಯ ಛಾವಣಿಯ ಮೇಲೇ ಇರಬೇಕು. ಅಕ್ಷಾಂಶದಲ್ಲಿ 0.001 ತಪ್ಪಿದರೆ ಸುಮಾರು 111 ಮೀಟರ್ ಜಾರುತ್ತದೆ. 100 ಮೀಟರ್ ಝೋನಿಗೆ ಅಷ್ಟು ಸಾಕು, ಮನೆ ಝೋನಿನ ಹೊರಗೇ ಉಳಿಯುತ್ತದೆ. ತ್ರಿಜ್ಯ ಎಷ್ಟಿರಬೇಕು? ಗೂಗಲ್ ಹೇಳುವುದು ಕನಿಷ್ಠ 100–150 ಮೀಟರ್. ಹೋಮ್ ಅಸಿಸ್ಟೆಂಟ್ ತಾನಾಗಿ ಕೊಡುವುದು 100. ಸುಳ್ಳು ನಿರ್ಗಮನ ಜಾಸ್ತಿ ಇದ್ದರೆ 150ಕ್ಕೆ ಏರಿಸಿ. 30 ಮೀಟರ್ ಝೋನ್ ಮಾಡಿ ‘ಗೇಟ್ ದಾಟಿದ ಕೂಡಲೇ’ ಎಂದು ನಿರೀಕ್ಷಿಸಬೇಡಿ. ಫೋನಿನ ಕೈಲಿ ಆಗದ ಕೆಲಸ ಅದು.

ಹೊಸದಾಗಿ ಮನೆ ಬದಲಿಸಿದವರಿಗೆ ಮಾತ್ರ ಬರುವ ಒಂದು ತೊಂದರೆ ಇದೆ. ಫೋನು ಮನೆಯೊಳಗೆ ಬಂದ ಕೂಡಲೇ ಹಳೆಯ ಮನೆಯ ಜಾಗ ತೋರಿಸುತ್ತದೆ. ಯಾವ ರೂಟರ್ ಎಲ್ಲಿದೆ ಎಂಬ ದೊಡ್ಡ ಪಟ್ಟಿಯನ್ನು ಗೂಗಲ್, ಆ್ಯಪಲ್‌ನಂಥ ಕಂಪನಿಗಳು ಇಟ್ಟುಕೊಂಡಿವೆ. ನಿಮ್ಮ ರೂಟರ್ ಆ ಪಟ್ಟಿಯಲ್ಲಿ ಇನ್ನೂ ಹಳೆಯ ವಿಳಾಸದಲ್ಲಿದೆ. ಫೋನುಗಳು ಹೊಸ ಜಾಗದಿಂದ ಅದನ್ನು ನೋಡುತ್ತಾ ಹೋದಂತೆ ಪಟ್ಟಿ ತಾನಾಗಿ ಸರಿಯಾಗುತ್ತದೆ. ಅಲ್ಲಿಯವರೆಗೆ ಲೊಕೇಶನ್ ಮೇಲೆ ನಿಂತ ಆಟೋಮೇಷನ್‌ಗಳನ್ನು ನಿಲ್ಲಿಸಿಡಿ.

ಟ್ರ್ಯಾಕರ್ ಒಂದು ಹೇಳುತ್ತದೆ, ಪರ್ಸನ್ ಇನ್ನೊಂದು

ಪರ್ಸನ್ ಬಿಟ್ಟು ಡಿವೈಸ್ ಟ್ರ್ಯಾಕರ್ ನೋಡಿ ಎಂದಿದ್ದೆನಲ್ಲ. ಒಬ್ಬ ವ್ಯಕ್ತಿಗೆ ಹಲವು ಟ್ರ್ಯಾಕರ್ ಜೋಡಿಸಬಹುದು. ಫೋನಿನ ಜಿಪಿಎಸ್ ಒಂದು, ರೂಟರ್ ನೋಡುವುದು ಇನ್ನೊಂದು. ರೂಟರ್‌ನಂಥ ಟ್ರ್ಯಾಕರ್ ‘ಮನೆಯಲ್ಲಿ’ ಎಂದರೆ ಅದರ ಮಾತೇ ನಡೆಯುತ್ತದೆ. ಅದು ಹಾಗೆ ಹೇಳದಿದ್ದಾಗ ಮಾತ್ರ ಜಿಪಿಎಸ್ ಮಾತು. ಈ ಜೋಡಿ ಒಳ್ಳೆಯದು. ಮನೆಯಲ್ಲಿರುವಾಗ ಜಿಪಿಎಸ್ ಎಷ್ಟು ಅಲೆದಾಡಿದರೂ ರೂಟರ್ ಹಿಡಿದು ನಿಲ್ಲಿಸುತ್ತದೆ.

ಆದರೆ ಪಟ್ಟಿಯಲ್ಲಿ ಮನೆ ಬಿಟ್ಟು ಹೋಗದ ಸಾಧನ ಸೇರಿಕೊಂಡರೆ ಎಲ್ಲ ಕೆಟ್ಟಂತೆ. ಡ್ರಾಯರ್‌ನಲ್ಲಿ ಚಾರ್ಜಿಗೆ ಬಿದ್ದ ಹಳೆಯ ಫೋನು, ಗೋಡೆಗೆ ಹಾಕಿದ ಟ್ಯಾಬ್ಲೆಟ್. ಅದು ಮನೆಯಲ್ಲೇ ಇರುತ್ತದೆ, ನೀವೂ ಮನೆಯಲ್ಲೇ ಇರುತ್ತೀರಿ. ಪರ್ಸನ್ ಪುಟ ತೆರೆದು ಪಟ್ಟಿ ನೋಡಿ, ಬೇಡದ್ದನ್ನು ತೆಗೆಯಿರಿ. ಆ್ಯಪಲ್ ಹೋಮ್ ಬಳಸುವವರು ತಮ್ಮ ಲೊಕೇಶನ್ ಯಾವ ಸಾಧನದಿಂದ ಹೋಗುತ್ತಿದೆ ಎಂದು ‘ಫೈಂಡ್ ಮೈ’ನಲ್ಲಿ ನೋಡಲಿ. ಐಪ್ಯಾಡ್ ಆಯ್ಕೆಯಾಗಿದ್ದರೆ ಇದೇ ಕಥೆ. ಅಲ್ಲಿ ಬರುವ ಹೋಗುವ ಆಟೋಮೇಷನ್‌ಗೆ ಹೋಮ್‌ಪಾಡ್ ಅಥವಾ ಆ್ಯಪಲ್ ಟಿವಿಯಂಥ ಹೋಮ್ ಹಬ್ ಕೂಡ ಬೇಕು.

ರೂಟರ್ ಟ್ರ್ಯಾಕರ್‌ಗೆ ಅದರದ್ದೇ ಎರಡು ಕಾಯಿಲೆ. ಆಂಡ್ರಾಯ್ಡ್ 10, ಐಒಎಸ್ 14ರಿಂದ ಫೋನುಗಳು ವೈಫೈಗೆ ತಮ್ಮ ನಿಜವಾದ ಮ್ಯಾಕ್ ವಿಳಾಸ (ನೆಟ್‌ವರ್ಕ್‌ನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ಕೊಡುವುದಿಲ್ಲ, ಒಂದು ಸುಳ್ಳು ವಿಳಾಸ ಮಾಡಿಕೊಂಡು ಕೊಡುತ್ತವೆ. ಅದು ಬದಲಾದರೆ ನಿಮ್ಮ ಫೋನು ರೂಟರ್‌ಗೆ ಹೊಸಬ. ಮನೆಯ ವೈಫೈಗೆ ಮಾತ್ರ ಈ ಆಯ್ಕೆ ಆಫ್ ಮಾಡಿ. ಇನ್ನೊಂದು, ಸ್ಕ್ರೀನ್ ಆಫ್ ಆದ ಫೋನು ಬ್ಯಾಟರಿ ಉಳಿಸಲು ವೈಫೈಯಿಂದ ಆಗಾಗ ಮಾಯವಾಗುತ್ತದೆ. ಐಫೋನಿನಲ್ಲಿ ಇದು ಜಾಸ್ತಿ. ಇಂಥ ಟ್ರ್ಯಾಕರ್‌ಗಳಲ್ಲಿ ‘ಕನ್ಸಿಡರ್ ಹೋಮ್’ ಎಂಬ ಕಾಯುವ ಸಮಯ ಇರುತ್ತದೆ, ಸಾಮಾನ್ಯವಾಗಿ 180 ಸೆಕೆಂಡ್. ಹತ್ತು ನಿಮಿಷಕ್ಕೆ ಏರಿಸಿ ನೋಡಿ.

ಯಾವ ಕೆಲಸವನ್ನು ಇದರ ಮೇಲೆ ಬಿಡಬಹುದು

ಬರುವುದನ್ನೂ ಹೋಗುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಬಂದ ಸುದ್ದಿಗೆ ಕೂಡಲೇ ಓಗೊಡಬೇಕು. ತಪ್ಪಿ ಒಂದು ದೀಪ ಹತ್ತಿದರೆ ನಷ್ಟವಿಲ್ಲ. ಹೋದ ಸುದ್ದಿಗೆ ಐದು ಹತ್ತು ನಿಮಿಷ ಕಾಯಬೇಕು. ಮನೆಯಲ್ಲಿ ಅಜ್ಜಿ ಇದ್ದಾರೆ, ಅವರ ಬಳಿ ಫೋನಿಲ್ಲ ಎಂದಾದರೆ ‘ಎಲ್ಲರೂ ಹೋದರು’ ಎಂಬ ಲೆಕ್ಕವೇ ಸುಳ್ಳು. ಅಂಥ ಮನೆಯಲ್ಲಿ ‘ಯಾರೋ ಇದ್ದಾರೆ’ ಎಂದು ಕೈಯಿಂದ ಒತ್ತುವ ಒಂದು ಸ್ವಿಚ್ ಇರಲೇಬೇಕು. ನೆಂಟರು ಬಂದಾಗಲೂ ಅದೇ ಕಾಯುತ್ತದೆ. ಹೊರಡುವ ಆಟೋಮೇಷನ್‌ಗಳೆಲ್ಲ ಮೊದಲು ಆ ಸ್ವಿಚ್ ನೋಡಲಿ.

ಬಾಗಿಲ ಬೀಗ ತೆರೆಯುವ ಕೆಲಸವನ್ನು ಲೊಕೇಶನ್ ಒಂದಕ್ಕೇ ಕೊಡಬೇಡಿ. ರಾತ್ರಿ ಎರಡು ಗಂಟೆಗೆ 800 ಮೀಟರ್ ಹೋಗಿ ವಾಪಸ್ ಬಂದ ಫೋನು ನೆನಪಿದೆಯಲ್ಲ? ಅದು ವಾಪಸ್ ಬಂದಾಗ ಸರ್ವರ್‌ಗೆ ಕಂಡದ್ದು ‘ಮನೆಗೆ ಬಂದರು’ ಎಂದೇ.

ರಿಪೇರಿ ಆದ ಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ, ಅದರ ಮೇಲೆ ಮೂರು ನಾಲ್ಕು ದಿನ. ಚೀಟಿ ಹಾಗೇ ಇರಲಿ. ಫೋನಿಗೆ ದೊಡ್ಡ ಅಪ್‌ಡೇಟ್ ಬಂದ ದಿನ, ಮನೆಯವರು ಹೊಸ ಫೋನು ತಂದ ದಿನ, ರೂಟರ್ ಬದಲಿಸಿದ ದಿನ ಮತ್ತೆ ಒಮ್ಮೆ ಅರ್ಧ ಕಿಲೋಮೀಟರ್ ನಡೆದು ಬನ್ನಿ. ಫೋನು ಜೇಬಿನಲ್ಲಿರಲಿ, ಸ್ಕ್ರೀನ್ ಆಫ್.